ಗೆನ್ನಪ್ಪನ ಬಲಗಾಲು

ಕಂಪ್ಲಿ
14-9-1989

ಲೇ ಅಳಿಯಾ ಉಚ್ಚೆಂಗಾ,

ಐಸ್ ಮ್ಯಾಲೆ ಹಾಕಿ ಆಡೋದನ್ನ ಈ ಭೂಮಿ ಮ್ಯಾಲೆ ಮೊದಲು ಕಂಡುಹಿಡಿದಾವ ನಿನ್ನ ಸೋದರಮಾವ ಮೈಲಾರಲಿಂಗಪ್ಪ ಅನ್ನೋದು ನಿನಗ ಗೊತ್ತಿರಲಿಕ್ಕಿಲ್ಲ. 1961ರಾಗ ನಮ್ಮ ರೈಸ್ ಮಿಲ್ಲಿನ ಹಿಂದ ಐಸ್ ಫ್ಯಾಕ್ಟರಿ ಇತ್ತಲ್ಲ, ಅದರ ನೆಲದಾಗ ಒಂದು ದಿನ ನೀರು ಗಟ್ಟಿಯಾಗಿ ಕನ್ನಡಿ ಆಗಿತ್ತು. ನಾನು ಒಂದು ಜಲ್ಲೆ ಕಬ್ಬು ಹಿಡಕೊಂಡು, ಒಣಗಿದ ಕುಳ್ಳನ್ನ ಚೆಂಡು ಮಾಡ್ಕೊಂಡು, ಒಬ್ಬನ ಹನ್ನೊಂದು ಗೋಲ್ ಹೊಡೆದೆ. ಯಾರೋ ನೋಡಿದಾವ ರಷ್ಯಾಕ್ಕ ಹೋಗಿ ಹೇಳಿರಬೇಕು. ಹಿಂಗಾಗಿ ಆ ಆಟ ಏನಂತ ನೀನು ನಾಲ್ಕು ಹಾಳಿ ಬರೆದು ನನಗ ತಿಳಿಸೋ ಅಗತ್ಯ ಇರಲಿಲ್ಲ.

ಪತ್ರ ನಿನ್ನ ಅವ್ವಗ ಓದಿ ಹೇಳಿದೆ. "ಕಂಪನಿಯವರು ಉಕ್ಕು ಕರಗಿಸೋದು ಕಲ್ಕೊಂಡು ಬಾ ಅಂತ ಎರಡು ವರ್ಷಕ್ಕ ರಷ್ಯಾಕ್ಕ ಕಳಿಸಿದ್ರ, ಇವ ಮಗ್ಗಲ ಖೋಲಿಯವನ ಆಟ ನೋಡ್ಕೋಂತ ಕುಂತಾನ" ಅಂತ ಬೈದಳು. "ಹೊಳೆಮ್ಮಕ್ಕಾ, ಪರದೇಶದಾಗ ಒಬ್ಬ ಗೆಳೆಯ ಸಿಕ್ಕಾನಲ್ಲ, ಖುಷಿ ಪಡು" ಅಂದೆ. ಆಮ್ಯಾಲೆ ತಾನ ಕೇಳಿದಳು, ಆ ಹುಡುಗನ ಹೆಂಡ್ತಿಗೆ ರೊಟ್ಟಿ ಬಡಿಯಾಕ ಬರತೈತೇನು ಅಂತ.

ನಿನ್ನ ಗೆಳೆಯನ ಗೆನ್ನಾದಿ ಅನ್ನೋ ಹೆಸರು ನನ್ನ ಬಾಯಾಗ ನಿಲ್ಲವಲ್ದು. ನಮ್ಮ ಕಡೆ ಹೆಸರಿನ ಬಾಲಕ್ಕ ಅಪ್ಪ ಇಲ್ಲದಿದ್ರ ಗಂಡಸು ಅಂತ ನಂಬೋದು ಕಷ್ಟ. ಇನ್ನ ಮ್ಯಾಲೆ ಅವ ಗೆನ್ನಪ್ಪ.

ಮಿಲ್ಲಿನಾಗ ಈಗ ಅವನದ ಸುದ್ದಿ. ಊಟದ ಹೊತ್ತಿಗೆ ಗುಮಾಸ್ತ ಚನ್ನಯ್ಯ ಬುತ್ತಿ ಬಿಚ್ಚಿ ಮೊದಲು ಕೇಳೋದು, "ನಿಮ್ಮ ರಷ್ಯಾದಾವ ಎಷ್ಟು ಹೊಡದಾನ್ರಿ ಈ ಸಲ?" ನೀನು ಎರಡು ಗೋಲ್ ಅಂತ ಬರದಿದ್ದಿ, ನಾನು ಐದು ಅಂದೆ. ಅಷ್ಟು ದೂರದಿಂದ ಬರೋ ಹೊತ್ತಿಗೆ ದಾರ್ಯಾಗ ಒಂದಿಷ್ಟು ಸವೆದಿರತಾವ, ಕೂಡಿಸಿ ಹೇಳಬೇಕು. ಗೆನ್ನಪ್ಪ ಆಡೋ ರೈಟ್ ವಿಂಗ್ ಅಂದ್ರೇನು ಅಂತ ಹಮಾಲರು ಕೇಳಿದ್ರು. ಕಣದಾಗ ತೆನಿ ತುಳಿಸಾಕ ಹಂತಿ ಹೊಡೆಯುವಾಗ ಎಲ್ಲಕ್ಕಿಂತ ಹೊರಗ ಕಟ್ಟಿದ ಎತ್ತು ಅಂದೆ. ಒಳಗಿನ ಎತ್ತು ನಿಂತಲ್ಲೇ ತಿರುಗತೈತಿ, ಹೊರಗಿನದು ಓಡಿ ಸಾಯಬೇಕು. ಎಲ್ಲರಿಗೂ ಒಂದ ಸಲಕ್ಕ ತಿಳೀತು.

ಕಾಲುವಿ ತುಂಬಿ ಹರಿಯಾಕತ್ತೈತಿ, ಭತ್ತ ಎದೆಮಟ ನಿಂತೈತಿ.

ಐಸ್ ಹಾಕಿಯ ಮೂಲ ಪುರುಷ,
ನಿನ್ನ ಮಾವ ಮೈಲಾರಲಿಂಗಪ್ಪ

---

20-10-1989

ಮಾವನಿಗೆ ಉಚ್ಚೆಂಗಪ್ಪನ ನಮಸ್ಕಾರ.

ಇಲ್ಲಿ ಆಗಲೇ ಹಿಮ ಬಿದ್ದಿದೆ. ಹೊರಗಿನ ಎತ್ತಿನ ಮಾತನ್ನು ಗೆನ್ನಾದಿಗೆ ನನ್ನ ಮುರುಕು ರಷ್ಯನ್ನಿನಲ್ಲಿ ಹೇಳಿದೆ. ಭಾಳ ಹೊತ್ತು ನಕ್ಕ. ಆಮೇಲೆ, "ಆ ಎತ್ತಿಗೆ ವಯಸ್ಸಾದರೆ ಏನು ಮಾಡ್ತೀರಿ?" ಅಂತ ಕೇಳಿದ.

ಈ ಪತ್ರ ತಮಾಷೆಗಲ್ಲ ಮಾವ, ಒಂದು ಕೆಲಸಕ್ಕೆ ಬರೆಯುತ್ತಿದ್ದೇನೆ. ಗೆನ್ನಾದಿಗೆ ಈಗ ಮೂವತ್ತಮೂರು. ಆರನೇ ವರ್ಷಕ್ಕೆ ಅವರಪ್ಪ ಅಂಗಳಕ್ಕೆ ಪೈಪಿನಿಂದ ನೀರು ಬಿಟ್ಟು, ಅದು ಗಟ್ಟಿಯಾದ ಮೇಲೆ ಇವನನ್ನು ಅದರ ಮೇಲೆ ನಿಲ್ಲಿಸಿದನಂತೆ. ಹದಿನೇಳಕ್ಕೆ ಕಾರ್ಖಾನೆಯ ಟೀಮು. ನಡುವೆ ಎರಡು ವರ್ಷ ಸೈನ್ಯದ ಟೀಮು. ಒಂದು ಸಲ ಮಾಸ್ಕೋದಿಂದ ಕರೆ ಬಂತು. ಒಂಬತ್ತನೇ ದಿನ ಭುಜ ಮುರಿದುಕೊಂಡು ವಾಪಸ್ ಬಂದ. ಮತ್ತೆ ಯಾರೂ ಕರೆಯಲಿಲ್ಲ. ಹದಿನಾಲ್ಕು ಸೀಸನ್ ಇದೇ ಊರಿಗೆ ಆಡಿದ್ದಾನೆ. ಮುಂದಿನ ನಾಲ್ಕು ಹಲ್ಲು ಇಲ್ಲ. ಅವನ ಕೆಲಸ ಅಂಕಣದ ಅಂಚಿನಲ್ಲಿ ಓಡಿ, ಮೂಲೆಗೆ ಹೋದ ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ಎಳೆದು ನಡುವಿನವನಿಗೆ ಕೊಡುವುದು. ಕೊಡುವಾಗ ಎದುರಿನವರು ಇವನನ್ನು ಅಂಚಿನ ಹಲಗೆ ಗೋಡೆಗೆ ಒತ್ತಿ ಅರೆಯುತ್ತಾರೆ. ಗೋಲು ನಡುವಿನವನ ಹೆಸರಿಗೆ.

ಈಗ ಬಲಮೊಣಕಾಲು ಹೋಗಿದೆ. ಆಪರೇಷನ್ ಅಂದರೆ ಈ ಸೀಸನ್ ಮುಗಿದಂತೆ. ಈ ಸೀಸನ್ ಪೂರ್ತಿ ಆಡಿದರೆ ಮಾತ್ರ ಕಾರ್ಖಾನೆಯವರು ಎರಡು ಕೋಣೆಯ ಮನೆ ಕೊಡುತ್ತಾರೆ. ಹನ್ನೆರಡು ವರ್ಷದಿಂದ ಅವನ ಹೆಸರು ಪಟ್ಟಿಯಲ್ಲಿದೆ. ಅವನು, ಹೆಂಡತಿ ಲೂದಾ, ಏಳು ವರ್ಷದ ಮಗಳು ನನ್ನ ಖೋಲಿಯಷ್ಟೇ ಇರುವ ಒಂದು ಖೋಲಿಯಲ್ಲಿ ಇದ್ದಾರೆ. ಮಾರ್ಚ್ ತನಕ ಆ ಕಾಲು ತಾಳಬೇಕು, ಅಷ್ಟೇ.

ಅವ್ವ ನನ್ನ ಪೆಟ್ಟಿಗೆಯಲ್ಲಿ ದರೋಜಿ ಹುಲುಗಮ್ಮನ ನೋವಿನೆಣ್ಣೆ ಇಟ್ಟಿದ್ದಳಲ್ಲ. ಒಂದು ದಿನ ಸುಮ್ಮನೆ ಅವನ ಮೊಣಕಾಲಿಗೆ ತಿಕ್ಕಿದೆ. ಮರುದಿನ ಮೆಟ್ಟಿಲು ಹತ್ತಿ ಬಂದ ಮಾವ, ನಾಲ್ಕನೇ ಅಂತಸ್ತಿಗೆ! ಆ ಬಾಟ್ಲಿ ಮುಗಿಯುತ್ತ ಬಂತು. ಇನ್ನು ಮೂರು ಬಾಟ್ಲಿ ಬೇಕು, ಹುಲುಗಮ್ಮನೇ ಕಾಯಿಸಿದ ಎಣ್ಣೆ ಬೇಕು. ದುಡ್ಡು ನನ್ನ ಪಗಾರದಿಂದ ಅವ್ವ ಕೊಡುತ್ತಾಳೆ. ಇಲ್ಲಿ ನನ್ನ ಜೊತೆ ಇರುವ ಸಂಡೂರಿನ ಮರುಳಸಿದ್ದಪ್ಪ ರಜೆಗೆ ಊರಿಗೆ ಬರುತ್ತಿದ್ದಾನೆ. ಡಿಸೆಂಬರ್ 20ಕ್ಕೆ ನಮ್ಮ ಮನೆಗೆ ಬಂದು ಬಾಟ್ಲಿ ತೆಗೆದುಕೊಂಡು ಹೋಗುತ್ತಾನೆ.

ಗೆನ್ನಾದಿ ನಿನಗೆ ಕೈ ಕುಲುಕಿದ್ದೇನೆ ಅಂತ ಬರಿ ಅಂದ.

ನಿನ್ನ ಅಳಿಯ,
ಉಚ್ಚೆಂಗಪ್ಪ

---

ಕಂಪ್ಲಿ
18-11-1989

ಲೇ ಅಳಿಯಾ,

ಗೆನ್ನಪ್ಪಗ ಹೇಳು, ಅವನ ಕಾಲು ಈಗ ಮೈಲಾರಲಿಂಗಪ್ಪನ ಕೈಯಾಗ ಐತಿ. ಇನ್ನ ಮಲಗಿ ನಿದ್ದಿ ಮಾಡಲಿ.

ದರೋಜಿಗೆ ಹೋಗಿದ್ದೆ. ಹುಲುಗಮ್ಮಗ ಎಂಬತ್ತರ ಮ್ಯಾಲಾಗಿರಬೇಕು. ನಾಲಿಗಿ ಮಾತ್ರ ಇಪ್ಪತ್ತರದು.

"ಎಣ್ಣಿ ಯಾರಿಗಪ್ಪ?"

"ರಷ್ಯಾದಾವಗ."

"ಅದೆಲ್ಲಿ ಬರತೈತಿ, ಕುರೆಕುಪ್ಪದ ಆಚೀಗೇನು?"

"ಇನ್ನೊಂದೀಟು ಆಚೀಗೆ."

"ಹಂಗಾರ ಬಸ್ ಚಾರ್ಜು ನೀನ ಕೊಡು" ಅಂದಳು.

ಕೂಲಿ ಬ್ಯಾಡಂತ. ಹತ್ತು ಸೇರು ಗಾಣದ ಎಳ್ಳೆಣ್ಣಿ, ಪಚ್ಚಕರ್ಪೂರ, ಇನ್ನೊಂದಿಷ್ಟು ಬೇರು ಬೀಜ ಹೊಸಪೇಟಿ ಗ್ರಂಧಿಗೆ ಅಂಗಡ್ಯಾಗ ತಗೊಂಡು ಹೋಗಿ ಕೊಟ್ರ, ಹದಿನೈದು ದಿನ ಕಾಯಿಸಿ ಮೂರು ಬಾಟ್ಲಿಗೆ ಇಳಿಸಿ ಕೊಡ್ತಾಳಂತ. ಅವಳ ಒಲಿ ಮುಂದ ಇಟ್ಟಂಗಿ ಪುಡಿ ರಾಶಿ ಹಾಕಿದ್ದಳು. ಇದ್ಯಾಕವ್ವ ಅಂದ್ರ, "ನಿನಗ್ಯಾಕ? ಹದ ತಪ್ಪಿದ್ರ ಇದು ಔಷಧ ಅಲ್ಲ, ಬೆಂಕಿ" ಅಂದಳು. ನನಗ್ಯಾಕ ಅಂದ್ರೇನು? ಅಲ್ಲೇ ಒಂದು ತಾಸು ಕುಂತು ಎಲ್ಲ ನೋಡ್ಕೊಂಡೇ ಬಂದೀನಿ. ನಿನ್ನ ಮಾವನ ಕಣ್ಣಿಗೆ ಬಿದ್ದ ವಿದ್ಯೆ ಎಲ್ಲಿಗೂ ತಪ್ಪಿಸಿಕೊಂಡು ಹೋಗಂಗಿಲ್ಲ.

ಊರಾಗ ನನ್ನ ಹೆಸರು ಈಗ ರಷ್ಯಾ ಡಾಕ್ಟರ್. ತಂತಿ ಮಾಸ್ತರ ಕೊಟ್ರಬಸಪ್ಪ ಪೋಸ್ಟಾಫೀಸಿನ ಕಿಟಕ್ಯಾಗಿಂದ ನಮಸ್ಕಾರ ಮಾಡ್ತಾನ. "ಡಾಕ್ಟರ, ನಿಮ್ಮ ಟೀಮು ಹೆಂಗೈತ್ರಿ?" ಅಂತಾನ. ಟೀಮಿನ ಇಪ್ಪತ್ತೂ ಮಂದಿಯ ಕಾಲು ನಾನ ನೋಡೋದು ಅಂತ ಹೇಳೀನಿ, ನೀನು ಬಂದಾಗ ಬಾಯಿ ಬಿಡಬ್ಯಾಡ.

ಇನ್ನೊಂದು ಸುದ್ದಿ ನಿನ್ನ ಅವ್ವಗ ಬರೀಬ್ಯಾಡ. ಗೆನ್ನಪ್ಪನ ಅಂಗಿ ಮ್ಯಾಲೆ ಹತ್ತೊಂಬತ್ತು ಅಂತ ಐತಿ ಅಂದಿದ್ದಿಯಲ್ಲ, ಆ ನಂಬರಿಗೆ ಓಸಿ ಮಟಕಾದಾಗ ಎಂಟಾಣೆ ಹಚ್ಚಿದೆ. ನಲವತ್ತು ರೂಪಾಯಿ ಬಂತು! ಗೋಲ್ ಅವ ಅಲ್ಲಿ ಹೊಡೆದ್ರ ರೊಕ್ಕ ಇಲ್ಲಿ ಬೀಳತೈತಿ.

ನಾಡಿದ್ದು ಹೊಸಪೇಟಿಗೆ ಹೋಗತೀನಿ, ಸಾಮಾನು ತರಾಕ.

ಟೀಮ್ ಡಾಕ್ಟರ್,
ಮೈಲಾರಲಿಂಗಪ್ಪ

---

ಕಂಪ್ಲಿ
19-12-1989

ಅಳಿಯಾ,

ನಾಳೆ ಮರುಳಸಿದ್ದಪ್ಪ ಬರತಾನ. ಮೂರು ಬಾಟ್ಲಿ ಮೇಣ ಹಾಕಿ ಬಿಗಿ ಮಾಡಿ ಇಟ್ಟೀನಿ. ಹುಲುಗಮ್ಮ ತನ್ನ ಕೈಯಾರೆ ಕಾಯಿಸಿದ್ದು. ಒಲಿ ಮುಂದ ನಾನ ಕುಂತಿದ್ದೆ, ಹದಿನೈದು ದಿನ. ಅವಳು ಸೌಟು ತಿರುವಿದ್ದು ಸೈತ ನನ್ನ ಕಣ್ಣಿಗೆ ಕಟ್ಟಿದಂಗ ಐತಿ.

ಹಿಂದಿನ ಬಾಟ್ಲಿ ಎಣ್ಣಿ ಹಳದಿ ಇತ್ತು, ಇದು ಕಪ್ಪಗೈತಿ. ಅನುಮಾನ ಬ್ಯಾಡ. ಹೊಸ ಎಣ್ಣಿ ಕಪ್ಪಗ ಇರತೈತಿ, ಇಟ್ಟಂಗೆಲ್ಲ ಹಳದಿ ಆಗತೈತಿ. ವಾಸನಿ ಸ್ವಲ್ಪ ಗಡಸು. ಅದೂ ಹಂಗ.

ಮಿಲ್ಲಿನಾಗ ಭತ್ತದ ಗಾಡಿ ಸಾಲು ನಿಂತಾವ, ಹೆಚ್ಚು ಬರೆಯಾಕ ಹೊತ್ತಿಲ್ಲ.

ಮೈಲಾರಲಿಂಗಪ್ಪ

---

ತಂತಿ
9-1-1990

ಮೈಲಾರಲಿಂಗಪ್ಪ, ರೈಸ್ ಮಿಲ್, ಕಂಪ್ಲಿ.
ಗೆನ್ನಾದಿ ಮೊಣಕಾಲು ಬಾತು ಕೆಂಪಾಗಿದೆ. ಎಣ್ಣೆಯಲ್ಲಿ ಚರ್ಮ ಸುಡುವಂಥದ್ದು ಏನಾದರೂ ಇದ್ದರೆ ಡಾಕ್ಟರ್ ಕಾಲು ಕಟ್ಟದೆ ತೆರೆದಿಡುತ್ತಾರೆ. ಇಲ್ಲದಿದ್ದರೆ ಪ್ಲಾಸ್ಟರ್ ಹಾಕುತ್ತಾರೆ. ಹುಲುಗಮ್ಮನನ್ನು ಕೇಳಿ ತಕ್ಷಣ ತಂತಿ ಕೊಡು.
ಉಚ್ಚೆಂಗಪ್ಪ

---

ತಂತಿ
11-1-1990

ಕೇಳಿದೆ. ಹುಲುಗಮ್ಮನ ಎಣ್ಣೆಯೇ. ಶುದ್ಧ. ಸುಡುವಂಥದ್ದು ಏನೂ ಇಲ್ಲ.
ಮೈಲಾರಲಿಂಗಪ್ಪ

---

15-1-1990

ಮಾವನಿಗೆ ನಮಸ್ಕಾರ.

ನಿನ್ನ ತಂತಿ ಬಂದದ್ದು ಒಳ್ಳೆಯದಾಯಿತು. ಕಾರ್ಖಾನೆಯ ಡಾಕ್ಟರಿಗೆ ಓದಿ ಹೇಳಿದೆ. "ಹಾಗಾದರೆ ಇದು ಒಳಗಿನ ನರದ ಪೆಟ್ಟು" ಅಂತ ತೊಡೆಯಿಂದ ಪಾದದ ತನಕ ಪ್ಲಾಸ್ಟರ್ ಹಾಕಿದ್ದಾರೆ. ಫೆಬ್ರವರಿ 5ಕ್ಕೆ ಬಿಚ್ಚುತ್ತಾರೆ. ಮಾರ್ಚ್‌ನಲ್ಲಿ ಕೊನೆಯ ಆರು ಪಂದ್ಯಕ್ಕೆ ಇಳಿದರೂ ಸೀಸನ್ ಆಡಿದ ಲೆಕ್ಕಕ್ಕೆ ಹಿಡಿಯುತ್ತೇವೆ ಅಂತ ಕೋಚ್ ಮಾತು ಕೊಟ್ಟಿದ್ದಾನೆ. ಲೂದಾ ಆಗಲೇ ಪರದೆ ಬಟ್ಟೆ ತಂದಿಟ್ಟಿದ್ದಾಳೆ.

ತಪ್ಪು ಗೆನ್ನಾದಿಯದೇ. ಎಣ್ಣೆ ಹಚ್ಚಿದ ಮರುದಿನ ಉರಿ ಅಂದ. ಅದರ ಮೇಲೇ ದಪ್ಪ ಪಟ್ಟಿ ಕಟ್ಟಿಕೊಂಡು ಎರಡು ಪಂದ್ಯ ಆಡಿದ. ಈಗಲೂ ರಾತ್ರಿಯೆಲ್ಲ "ಒಳಗೆ ಯಾರೋ ಒಲೆ ಹಚ್ಚಿದ್ದಾರೆ" ಅಂತ ಗೋಡೆ ಗುದ್ದುತ್ತಾನೆ. ಪ್ಲಾಸ್ಟರಿನಲ್ಲಿ ಹಾಗೆ ಅನಿಸುತ್ತದೆ ಅನ್ನುತ್ತಾರೆ ಡಾಕ್ಟರು.

ನನ್ನ ಅಂಗೈಗೂ, ಬೆರಳ ಸಂದಿಗೂ ಗುಳ್ಳೆ ಎದ್ದಿವೆ. ಇಲ್ಲಿ ಮೈನಸ್ ಇಪ್ಪತ್ತೆಂಟು ಡಿಗ್ರಿ. ಚಳಿಗೆ ಹೀಗಾಗುತ್ತದಂತೆ. ಮೊದಲು ಎಣ್ಣೆಯದೇ ಅಂತ ಅನುಮಾನ ಬಂದಿತ್ತು, ನಿನ್ನ ತಂತಿ ನೋಡಿದ ಮೇಲೆ ಹೋಯಿತು.

ಉಚ್ಚೆಂಗಪ್ಪ

---

ಕಂಪ್ಲಿ
5-2-1990

ಅಳಿಯಾ ಉಚ್ಚೆಂಗಪ್ಪಗ,

ನಿನ್ನ ಪತ್ರ ಇವತ್ತು ಮುಟ್ಟಿತು. ಇಲ್ಲಿ ಎಲ್ಲಾರೂ ಆರಾಮ. ನಿನ್ನ ಅವ್ವ ಒಂದೆರಡು ವಾರದಿಂದ ನನ್ನ ಜೋಡಿ ಮಾತು ಕಡಿಮಿ ಮಾಡ್ಯಾಳ. ಕಾರಣ ಏನೂ ಇಲ್ಲ.

ಒಂದು ಮಾತು. ನಮ್ಮ ಕಡೆ ಹಿರಿಯರು ಹೇಳತಾರ, ಬಾತ ಕಾಲಿಗೆ ಗಾಳಿ ಬೇಕು ಅಂತ. ನಾನೇನು ಡಾಕ್ಟರಿಗೆ ಬುದ್ಧಿ ಹೇಳೋವಷ್ಟು ದೊಡ್ಡಾವ ಅಲ್ಲ. ಆದ್ರೂ ಪ್ಲಾಸ್ಟರ್ ಎರಡು ದಿನ ಮೊದಲ ಬಿಚ್ಚಿ ನೋಡಿದ್ರ ಹೆಂಗ? ತೆಂಗಿನೆಣ್ಣಿ ಸಿಕ್ರ ಹಚ್ಚು. ಸುಮ್ಮನ ಹೇಳಿದೆ, ಬ್ಯಾರೆ ಏನಿಲ್ಲ.

ಕಾಲುವಿ ನೀರು ಬಂದಾಗೈತಿ. ರಿಪೇರಿ ನಡದೈತಿ.

ಮೈಲಾರಲಿಂಗಪ್ಪ

---

14-2-1990

ಮಾವ,

5ನೇ ತಾರೀಕಿಗೆ ಕಾಯಲು ಆಗಲಿಲ್ಲ. 1ನೇ ತಾರೀಕು ಅವನಿಗೆ ಜ್ವರ ಏರಿ ಪ್ರಜ್ಞೆ ತಪ್ಪಿತು. ಪ್ಲಾಸ್ಟರ್ ಕತ್ತರಿಸಿದಾಗ ನಾನು ಅಲ್ಲೇ ಇದ್ದೆ. ವಾಸನೆಗೆ ನರ್ಸು ಕಿಟಕಿ ತೆಗೆದಳು, ಆ ಚಳಿಯಲ್ಲಿ. ಮೊಣಕಾಲಿನ ಸುತ್ತ ಚರ್ಮ ಅನ್ನುವುದು ಇರಲಿಲ್ಲ. ಕೀವು ಎಲುಬಿಗೆ ಇಳಿದಿತ್ತು. 3ನೇ ತಾರೀಕು ತೊಡೆಯ ನಡುವಿಗೆ ಕಾಲು ತೆಗೆದರು.

ಬದುಕಿದ್ದಾನೆ.

ಮನೆ ಟೀಮಿನ ಇನ್ನೊಬ್ಬನಿಗೆ ಹೋಯಿತು. ಲೂದಾ ಕ್ಯಾಂಟೀನಿನಲ್ಲಿ ಎರಡು ಪಾಳಿ ಮಾಡುತ್ತಿದ್ದಾಳೆ. ಕಾರ್ಖಾನೆಯವರು ಅವನಿಗೆ ಆಟಗಾರರ ಸ್ಕೇಟಿನ ಅಲಗು ಮಸೆಯುವ ಕೆಲಸ ಕೊಡುತ್ತೇವೆ ಅಂದಿದ್ದಾರೆ. ಕುಳಿತು ಮಾಡುವ ಕೆಲಸ.

10ನೇ ತಾರೀಕು ಅವ್ವನ ಪತ್ರ ಬಂತು. ಪಕ್ಕದ ಮನೆಯ ವಿರುಪಮ್ಮನ ಕೈಯಲ್ಲಿ ಬರೆಸಿದ್ದಾಳೆ. ಸಂಕ್ರಾಂತಿ ಆದ ಮೇಲಿನ ಸಂತೆಯಲ್ಲಿ ಹುಲುಗಮ್ಮ ಸಿಕ್ಕಿದ್ದಳಂತೆ. "ನಿನ್ನ ತಮ್ಮ ಸಾಮಾನು ತರತೀನಿ ಅಂತ ಹೋದಾವ ಹೊಳ್ಳಿ ಬರಲೇ ಇಲ್ಲಲ್ಲವ್ವ, ಒಲಿ ಕಟ್ಟಿಗಿ ಸೈತ ಕೂಡಿಸಿಟ್ಟಿದ್ದೆ" ಅಂದಳಂತೆ. ಅವ್ವ ನಿನ್ನ ಕೇಳಿದಳಂತೆ. "ಮುದುಕಿಗೆ ಅರಳುಮರಳು" ಅಂದೆಯಂತೆ.

ಆ ಎಣ್ಣೆಯನ್ನು ನಾನೇ ತಿಕ್ಕಿದೆ ಮಾವ, ಈ ಕೈಗಳಿಂದ, ಮೂರು ದಿನ. "ಜೋರಾಗಿ ತಿಕ್ಕು" ಅಂತಿದ್ದ.

ಅವನು ಇನ್ನೂ ತನ್ನದೇ ತಪ್ಪು ಅಂದುಕೊಂಡಿದ್ದಾನೆ. ಪಟ್ಟಿ ಕಟ್ಟಿಕೊಂಡು ಆಡಬಾರದಿತ್ತು ಅಂತ ಲೂದಾಳ ಮುಂದೆ ಅಳುತ್ತಾನೆ. ಅವಳೂ ಹೌದು ಅನ್ನುತ್ತಾಳೆ, ಬೈಯುತ್ತಾಳೆ. ನಾನು ವಾರ್ಡಿನ ಬಾಗಿಲ ಈಚೆ ನಿಂತು ಕೇಳಿಸಿಕೊಳ್ಳುತ್ತೇನೆ. ನಿನ್ನೆ ಅವನು ನಿನಗೆ ಅಂತ ತನ್ನ ಹತ್ತೊಂಬತ್ತನೇ ನಂಬರಿನ ಅಂಗಿ ತರಿಸಿ, ಮಡಿಚಿ ಕೊಟ್ಟ. "ನಿನ್ನ ಮಾವ ನನಗಾಗಿ ಅಷ್ಟು ಕಷ್ಟಪಟ್ಟ" ಅಂದ. ಅದನ್ನು ನಾನು ಕಳಿಸುವುದಿಲ್ಲ.

ಬಾಟ್ಲಿಯಲ್ಲಿ ಏನಿತ್ತು, ಬರಿ. ಅವನಿಗೆ ಓದಿ ಹೇಳಬೇಕು. ಕಾಲು ಹೋಯಿತು, ತಪ್ಪಾದರೂ ಅವನ ತಲೆಯಿಂದ ಇಳಿಯಲಿ.

ಉಚ್ಚೆಂಗಪ್ಪ

---

ಕಂಪ್ಲಿ
8-3-1990

ಉಚ್ಚೆಂಗಪ್ಪ,

ಈ ಪತ್ರ ಮೂರನೇ ಸಲ ಬರೆಯಾಕತ್ತೀನಿ. ಮೊದಲನೇದರಾಗ ಹೊಸಪೇಟಿ ಬಸ್ ಸ್ಟ್ಯಾಂಡಿನಾಗ ನಾಲ್ಕು ಮಂದಿ ಕಳ್ಳರ ಜೋಡಿ ಬಡದಾಡಿದ್ದೆ. ಎರಡನೇದರಾಗ ಇಬ್ಬರಾದ್ರು. ಹರಿದು ಒಲಿಗೆ ಹಾಕಿದೆ. ಕಳ್ಳರು ಇರಲಿಲ್ಲ.

ಬಾಟ್ಲ್ಯಾಗ ಇದ್ದದ್ದು: ಎರಡು ಸೇರು ಹರಳೆಣ್ಣಿ, ಒಂದು ಬಿಲ್ಲೆ ಕರ್ಪೂರ, ನಲವತ್ತು ಕ್ಯಾರಬೀಜ. ಮಡಿವಾಳರು ಬಟ್ಟಿಗೆ ಅಳಿಯದ ಗುರುತು ಹಾಕತಾರಲ್ಲ, ಅದ ಬೀಜ. ಹುಲುಗಮ್ಮ ಎಣ್ಣಿಗೆ ಅದನ್ನ ಹಾಕೋದನ್ನ ನೋಡಿದ್ದೆ. ಹಾಕೋಕ್ಕಿಂತ ಮೊದಲು ಅದನ್ನ ಇಟ್ಟಂಗಿ ಪುಡ್ಯಾಗ ಹೂತಿಟ್ಟು, ತಿಕ್ಕಿ ತಿಕ್ಕಿ, ಸುಡೋ ರಸ ಎಲ್ಲ ಆ ಪುಡಿಗೆ ಕುಡಿಸಿ ತೊಳೀಬೇಕಂತ. ಅದಕ್ಕ ದಿನಗಟ್ಟಲೆ ಬೇಕು. ಮರುಳಸಿದ್ದಪ್ಪ ಬರಾಕ ಎರಡು ದಿನ ಉಳಿದಿತ್ತು. ನಾನು ಹಂಗ ಜಜ್ಜಿ ಕಾಯಿಸಿದೆ, ಮಿಲ್ಲಿನ ಬಾಯ್ಲರ್ ಬೂದಿ ಮ್ಯಾಲೆ. ದರೋಜಿಗೆ ಎರಡನೇ ಸಲ ನಾನು ಹೋಗಲೇ ಇಲ್ಲ.

ಜಜ್ಜುವಾಗ ಒಂದು ಹನಿ ನನ್ನ ಎಡಗೈ ಮ್ಯಾಲೆ ಸಿಡೀತು. ಮೂರನೇ ದಿನಕ್ಕ ಗುಳ್ಳಿ ಎದ್ದು ಕೀವಾತು. ಆಗ ಮರುಳಸಿದ್ದಪ್ಪ ಬೊಂಬಾಯಿಗೆ ಹೋಗೋ ರೈಲಿನಾಗ ಇದ್ದ. ಆಗ ನಿನಗ ತಂತಿ ಕೊಡಬಹುದಿತ್ತು. ನನಗ ಗೊತ್ತಿತ್ತು ಉಚ್ಚೆಂಗ. ರಷ್ಯಾದವರ ಚರ್ಮ ದಪ್ಪ ಇರತೈತಿ ಅಂತ ನನಗ ನಾನ ಹೇಳ್ಕೊಂಡೆ.

ನಿನ್ನ ತಂತಿ ಬಂದ ದಿನ ಫಾರಂ ಮ್ಯಾಲೆ "ಕ್ಯಾರಬೀಜ" ಅಂತ ಬರದಿದ್ದೆ. ಕೊಟ್ರಬಸಪ್ಪ ಕಿಟಕಿ ಆಚೆ ಕೈ ಚಾಚಿ ನಿಂತಿದ್ದ. "ಕೊಡ್ರಿ ಡಾಕ್ಟರ, ಜಲ್ದಿ ಕಳಸೋಣ, ಪೇಶಂಟು ಹೆಂಗದಾನ?" ಅಂದ. ಅವನ ಹಿಂದ ಇನ್ನಿಬ್ಬರು ಇದ್ರು. ಫಾರಂ ಹರಿದು ಇನ್ನೊಂದು ಬರದೆ. ಒಂದು ಶಬ್ದ ಇತ್ತು ನೋಡು, ಅಷ್ಟ. ಆಮ್ಯಾಲೆ ಪ್ಲಾಸ್ಟರ್ ಬಿಚ್ಚೋ ದಿನ ಕುಂತು, ಗಾಳಿ ಬೇಕು ಅಂತ ಸಾದಾ ಟಪಾಲಿನಾಗ ಬರದದ್ದನ್ನ ನಾನು ಧೈರ್ಯ ಅಂತ ತಿಳಕೊಂಡಿದ್ದೆ.

ಮಿಲ್ಲಿನಾಗ ಎಷ್ಟು ಗೋಲ್ ಅಂತ ಇನ್ನೂ ಕೇಳತಾರ. ನಿನ್ನ ಪತ್ರ ಓದಿದ ಮರುದಿನ ಸೈತ ಮೂರು ಅಂತ ಹೇಳಿದ್ದೆ. ಅದಕ್ಕ ಹಮಾಲರು ಚಪ್ಪಾಳಿ ಹೊಡೆದ್ರು. ಇವತ್ತು ಎಲ್ಲರ ಮುಂದ ನಿಂತು ಇದ್ದದ್ದು ಹೇಳಿದೆ. ಚನ್ನಯ್ಯ ಬುತ್ತಿ ಕಟ್ಟಿಕೊಂಡು ಆಚೆ ಗೋಡಿ ಕಡೆ ಹೋಗಿ ಕುಂತು ಉಂಡ. ಮನ್ಯಾಗ ನಿನ್ನ ಅವ್ವಗೂ ಹೇಳಿದೆ. "ಆ ಹುಡುಗಿ ಪರದಿ ಬಟ್ಟಿ ಏನು ಮಾಡಿದಳು?" ಅಂತ ಕೇಳಿದಳು.

ಇದನ್ನ ಗೆನ್ನಾದಿಗೆ ಪೂರ್ತಿ ಓದಿ ಹೇಳು. ಅವ ಪಟ್ಟಿ ಕಟ್ಟಿಕೊಂಡು ಆಡಿದ್ದು ತಪ್ಪಲ್ಲ, ನೀನು ತಿಕ್ಕಿದ್ದೂ ತಪ್ಪಲ್ಲ. ಹೆಂಡ್ತಿಗೂ ಹೇಳು. ಕ್ಷಮಾ ಕೇಳಾಕ ನಾನು ಬರದಿಲ್ಲ. ಅಂಗಿ ಕಳಿಸಬ್ಯಾಡ.

ಎಳ್ಳೆಣ್ಣಿಗೆ ಅಂತ ನಿನ್ನ ಅವ್ವ ಕೊಟ್ಟ ರೊಕ್ಕ ಏನಾತು ಅಂತ ನೀನು ಕೇಳಿಲ್ಲ, ಆದ್ರೂ ಹೇಳತೀನಿ. ಹೊಸಪೇಟ್ಯಾಗ ಬಸ್ ಇಳಿದು, ಗ್ರಂಧಿಗೆ ಅಂಗಡಿ ಮೆಟ್ಟಿಲ ತನಕ ಹೋಗಿ ಹೊಳ್ಳಿದೆ. ಹತ್ತೊಂಬತ್ತಕ್ಕ ಇನ್ನೊಂದು ಸಲ ಬೀಳತೈತಿ ಅನ್ನಿಸ್ತು. ಬಿದ್ರ ಎಣ್ಣಿ ತಗೊಂಡು, ಗೆನ್ನಾದಿಯ ಮಗಳಿಗೆ ಒಂದು ರೇಷ್ಮಿ ಲಂಗಾ ಕಳಿಸೋಣ ಅಂದ್ಕೊಂಡಿದ್ದೆ. ಓಸಿಗೆ ಹಚ್ಚಿ ಎರಡು ಸಾವಿರ ರೂಪಾಯಿ ಕಳಕೊಂಡೆ.

ಮೈಲಾರಲಿಂಗಪ್ಪ

ತಾ.ಕ.: ಎರಡು ಸಾವಿರ ಅಲ್ಲ. ಒಬ್ಬ ಮನುಷ್ಯನ ಕಾಲಿಗೆ ಅಷ್ಟಾದರೂ ಇರಲಿ ಅಂತ ಬರದೆ. ಕಳಕೊಂಡದ್ದು ಮುನ್ನೂರ ನಲವತ್ತು ರೂಪಾಯಿ.